ಅಂತರಜಾಲ ವಿಡಿಯೊ: ಓಕೆ ಗೋ ತಂಡದ ಲೆಕ್ಕಾಚಾರ

ಅಮೆರಿಕದ ಓಕೆ ಗೋ ಸಂಗೀತ ತಂಡದ ನಾಲ್ವರು ಟ್ರೆಡ್‌ಮಿಲ್‌ಗಳ ಮೇಲೆ ನರ್ತಿಸಿದ ವಿಡಿಯೊ 2006ರಲ್ಲಿ ಯೂಟ್ಯೂಬ್‌ನಲ್ಲಿ ಪ್ರಕಟವಾಗಿ, 2007ರಲ್ಲಿ ಗ್ರ್ಯಾಮಿ ಪ್ರಶಸ್ತಿ ಗಳಿಸಿತು. ಅದನ್ನು ಮುಖ್ಯವಾಗಿ ಹರಡಿದವರು, ತಮ್ಮ ಜಾಲತಾಣಗಳಲ್ಲಿ ಅಳವಡಿಸಿಕೊಂಡ ಅಭಿಮಾನಿಗಳು. ಆದರೆ ಇತರ ತಾಣಗಳಲ್ಲಿನ ವೀಕ್ಷಣೆಗೆ ಹಣ ದೊರೆಯದೆಂಬ ಕಾರಣದಿಂದ ಧ್ವನಿಮುದ್ರಣ ಸಂಸ್ಥೆ ಇಎಂಐ ಈ ಅಳವಡಿಕೆಯನ್ನೇ ನಿರ್ಬಂಧಿಸಿತು. ಗಾಯಕ ಡೇಮಿಯನ್ ಕುಲಾಶ್ 2010ರ ಫೆಬ್ರುವರಿಯಲ್ಲಿ ಬರೆದಂತೆ, ದಿನಕ್ಕೆ 10 ಸಾವಿರದಷ್ಟಿದ್ದ ವೀಕ್ಷಣೆ ಸುಮಾರು 1 ಸಾವಿರಕ್ಕೆ ಕುಸಿಯಿತು. ಬಿಡಿಗಾಸಿಗಾಗಿ ಗಿರಾಕಿಯನ್ನೇ ಕಳೆದುಕೊಂಡ ವ್ಯಾಪಾರವಿದು!

ತಂಡದ ಮುಂದಿನ ನಡೆ ಗಮನಾರ್ಹ. ಮಾರ್ಚ್‌ನಲ್ಲಿ ಬಂದ ‘ದಿಸ್ ಟೂ ಶಲ್ ಪಾಸ್’ ಗೀತೆಯ ಎರಡನೆಯ ವಿಡಿಯೊವನ್ನು ಸ್ಟೇಟ್ ಫಾರ್ಮ್ ವಿಮಾ ಸಂಸ್ಥೆ ಪ್ರಾಯೋಜಿಸಿತು. ಹಣ ತೆತ್ತವನು ಕೇಳುಗನಲ್ಲ, ವಿಮೆಗಾರ; ಆದುದರಿಂದ ಹೆಚ್ಚು ಜನರು ಹಂಚಿದಷ್ಟೂ ಅವನಿಗೇ ಲಾಭ. ಅಳವಡಿಕೆ ಪುನಃ ಮುಕ್ತವಾಯಿತು. ಅದೇ ತಿಂಗಳು ತಂಡವು ಇಎಂಐ ತೊರೆದು, ಪ್ಯಾರಾಕಾಡೂಟ್ ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿತು.