ಅಂಕ ಪೂರ್ಣ, ಚೇತರಿಕೆ ಅಪೂರ್ಣ

ಸಿದ್ದಾಪುರದ ಸೋದರಿಯವರೇ,

ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದ ನಿಮ್ಮ ಯಜಮಾನರಿಗೆ ಆಸ್ಪತ್ರೆಯ ಪ್ರಜ್ಞಾಮಾಪಕದಲ್ಲಿ 15 ಅಂಕ ದೊರೆತರೂ ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿಲ್ಲವೆಂದು ವ್ಯಥೆಯಿಂದ ಬರೆದಿರುವಿರಿ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ, 3ರಿಂದ 15ರವರೆಗಿನ ಆ ಮಾಪಕವು ಕಣ್ಣು, ಮಾತು, ಚಲನೆಗಳ ಮೂಲಕ ಪ್ರಜ್ಞೆಯನ್ನಷ್ಟೇ ಅಳೆಯುತ್ತದೆ. ಊಟ, ಸ್ನಾನ, ಉಡುಪು, ನಡಿಗೆ ಮೊದಲಾದ 10 ನಿತ್ಯಕರ್ಮಗಳನ್ನು 100 ಅಂಕಗಳಿಗೆ ತೂಗುವ ಬಾರ್ತೆಲ್ ಸೂಚಿಯೇ ಈಗ ಹೆಚ್ಚು ಪ್ರಯೋಜನಕರ. ಅದಕ್ಕೂ ಮರೆವು, ಮುಂಗೋಪ ಗೋಚರಿಸವು. (ಕೋಪವು ತಲೆಯ ಗಾಯದ ಫಲವಿರಬಹುದೆಂದು ಅತ್ತೆಯವರಿಗೂ ತಿಳಿಸಿರಿ.) ಆದುದರಿಂದ ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಚಾಲಿಯ ರಾಶಿಯಿಂದ ಕೋಕ ಆರಿಸುವ ಕೆಲಸವನ್ನು ಯಜಮಾನರಿಗೊಪ್ಪಿಸಿ, ಗಮನ ಎಷ್ಟು ಹೊತ್ತು ನಿಂತಿತು, ಎಷ್ಟು ಬಾರಿ ನೆನಪಿಸಬೇಕಾಯಿತು ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಡಿರಿ; ಮೆಟ್ಟುಗತ್ತಿ ಮಾತ್ರ ಸದ್ಯಕ್ಕೆ ಬೇಡ. ತಪಾಸಣೆಗೆಂದು ಹುಬ್ಬಳ್ಳಿಗಾಗಲಿ ಬೆಂಗಳೂರಿನ ನಿಮ್ಹಾನ್ಸಿಗಾಗಲಿ ಹೋಗುವಾಗ ಆ ಪುಸ್ತಕವನ್ನು ಒಯ್ಯಿರಿ. ತಲೆನೋವು ಉಲ್ಬಣಿಸಿ ವಾಂತಿಯೋ ಮಂಪರೋ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೊರಡಿರಿ.