ಕೆಟ್ಟು ನಿಂತ ಜೆಟ್‌ಸ್ಕೀಯನ್ನು ಎಳೆಯುವ ಮುನ್ನ

ಮಲ್ಪೆಯಲ್ಲಿ, ಪಣಂಬೂರಿನಲ್ಲಿ, ಮುರುಡೇಶ್ವರದಲ್ಲಿ ಜೆಟ್‌ಸ್ಕೀ ಓಡಿಸುವ ಮಕ್ಕಳೇ, ಓಡಿಸುವುದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಅಲೆ ಎಲ್ಲಿ ಮುರಿಯುತ್ತದೆ, ಎಲ್ಲಿ ತಿರುಗಿಸಬೇಕು ಎಂಬುದು ನಿಮ್ಮ ಕೈಗೇ ಗೊತ್ತು. ನನ್ನ ಮಾತು ಅದು ನಡುನೀರಲ್ಲಿ ನಿಂತುಹೋದ ಮೇಲಿನದು. ಸಣ್ಣ ತೊಂದರೆಯಿಂದ ನಿಂತ ಎಂಜಿನ್ ಪೂರ್ತಿ ಹಾಳಾಗುವುದು ದಡಕ್ಕೆ ಎಳೆದು ತರುವ ಅವಸರದಲ್ಲಿ.

ಕಾರಣ ಮೊದಲು ತಿಳಿಯಿರಿ, ಆಮೇಲೆ ಯಾವ ನಿಯಮವನ್ನೂ ಬಾಯಿಪಾಠ ಮಾಡಬೇಕಿಲ್ಲ. ಜೆಟ್‌ಸ್ಕೀ ತಳದಿಂದ ನೀರು ಹೀರಿ, ಪಂಪಿನೊಳಗಿನ ಇಂಪೆಲ್ಲರ್‌ನಿಂದ ಹಿಂದಕ್ಕೆ ಚಿಮ್ಮಿಸಿ ಮುಂದೆ ಹೋಗುತ್ತದೆ. ಅದೇ ಪಂಪಿನಿಂದ ಒಂದು ಸಣ್ಣ ಪೈಪು ತಂಪು ಮಾಡುವ ನೀರನ್ನು ಒಳಕ್ಕೆ ಒಯ್ಯುತ್ತದೆ. ಸೀ-ಡೂನ ಈಗಿನ ಎಂಜಿನ್‌ಗಳಲ್ಲಿ ಎಂಜಿನ್ನಿಗೆ ಬೇರೆಯೇ ಕೂಲಂಟ್ ಇದ್ದರೂ ಹೊಗೆ ಹೋಗುವ ಎಕ್ಸಾಸ್ಟ್‌ಗೆ ಹೊರಗಿನ ನೀರೇ ಬೇಕು. ಎಂಜಿನ್ ಓಡುತ್ತಿರುವಾಗ ಹೊಗೆಯ ಒತ್ತಡ ಆ ನೀರನ್ನು ಹೊರಗೆ ದೂಡುತ್ತಿರುತ್ತದೆ. ಎಂಜಿನ್ ನಿಂತರೆ ದೂಡುವವರಿಲ್ಲ. ಆಗ ವೇಗವಾಗಿ ಎಳೆದರೆ ತಳದಲ್ಲಿ ನುಗ್ಗಿದ ನೀರು ಪೈಪು ಹತ್ತಿ ಎಕ್ಸಾಸ್ಟ್ ಪೆಟ್ಟಿಗೆಯನ್ನು ತುಂಬುತ್ತದೆ, ಜಾಗ ಸಾಲದೆ ಹಿಮ್ಮುಖವಾಗಿ ಸಿಲಿಂಡರಿಗೇ ಇಳಿಯುತ್ತದೆ. ದಡ ಸೇರಿದ ಮೇಲೆ ಯಾರೋ ಒಬ್ಬರು ಸ್ಟಾರ್ಟ್ ಒತ್ತುತ್ತಾರೆ. ಗಾಳಿಯಂತೆ ನೀರನ್ನು ಅದುಮಲಾಗದು. ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆದ್ದರಿಂದ ಗಂಟೆಗೆ 8 ಕಿಲೋಮೀಟರು ದಾಟಬಾರದು. ಬೋಟಿನ ಜಿಪಿಎಸ್ ನಾಟ್ ಲೆಕ್ಕದಲ್ಲಿ ತೋರಿಸುತ್ತದೆ, ಅಲ್ಲಿ ಅದು 4 ನಾಟ್. ಮೀನು ತುಂಬಿಕೊಂಡು ಬಂದರಿಗೆ ಮರಳುವ ಟ್ರಾಲ್ ಬೋಟು ಸಾಮಾನ್ಯವಾಗಿ ಇದರ ಸುಮಾರು ಎರಡರಷ್ಟು ವೇಗದಲ್ಲಿರುತ್ತದೆ. ಕಷ್ಟದಲ್ಲಿದ್ದವರನ್ನು ಕಂಡರೆ ನಮ್ಮ ತಾಂಡೇಲರು ಬೋಟು ನಿಲ್ಲಿಸದೆ ಹೋಗುವವರಲ್ಲ. ಆದರೆ ಅವರಿಗೆ ದೋಣಿ ಎಳೆದು ಗೊತ್ತು, ಜೆಟ್‌ಸ್ಕೀಯ ಹೊಟ್ಟೆಯೊಳಗಿನ ಪೈಪು ಗೊತ್ತಿರಬೇಕೆಂದಿಲ್ಲ. ಹಗ್ಗ ಕಟ್ಟುವ ಮೊದಲೇ ಹೇಳಿ: "ಅಣ್ಣಾ, 4 ನಾಟ್‌ಗಿಂತ ಮೇಲೆ ಬೇಡ, ಎಂಜಿನ್ನಿಗೆ ನೀರು ಹೋಗ್ತದೆ." ಸಹಾಯಕ್ಕೆ ಬಂದವರಿಗೆ ಹೇಗೆ ಹೇಳಲಿ ಎಂದು ಸಂಕೋಚಪಡಬೇಡಿ.

ಇನ್ನೂ ಭದ್ರವಾದ ದಾರಿಯೆಂದರೆ ಸೀಟು ತೆಗೆದು ಆ ನೀರಿನ ಪೈಪನ್ನು ಪ್ಲಾಸ್ಟಿಕ್ ಕ್ಲ್ಯಾಂಪಿನಿಂದ ಒತ್ತಿ ಮುಚ್ಚುವುದು. ಯಾವ ಪೈಪು ಎಂಬುದು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ, ಕಂಪನಿ ಕೊಟ್ಟ ಪುಸ್ತಕದಲ್ಲಿರುತ್ತದೆ. ಕ್ಲ್ಯಾಂಪ್ ಹಾಕಿದ್ದನ್ನು ಮರೆತು ಎಂಜಿನ್ ಓಡಿಸಿದರೆ ನೀರಿಲ್ಲದೆ ಕಾದು ಎಕ್ಸಾಸ್ಟಿನ ರಬ್ಬರು ಸುಡುತ್ತದೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಲ್ಯಾನ್ಯಾರ್ಡನ್ನು ಆ ಕ್ಲ್ಯಾಂಪಿಗೇ ಸುತ್ತಿಡಿ. ಸೀಟು ತೆಗೆಯದೆ ಯಾರೂ ಸ್ಟಾರ್ಟ್ ಮಾಡಲಾರರು.

ಹಗ್ಗವನ್ನು ಹ್ಯಾಂಡಲ್ಲಿಗೆ ಎಂದೂ ಕಟ್ಟಬೇಡಿ; ಮೂತಿಯ ಕೆಳಗಿನ ಲೋಹದ ಬಳೆ ಇರುವುದೇ ಅದಕ್ಕೆ. ಹಗ್ಗ ಉದ್ದವಿರಲಿ. ಬೋಟು ನಿಧಾನಿಸಿದಾಗ ಸ್ಕೀಗೆ ಬ್ರೇಕಿಲ್ಲ, ಬಂದು ಹಿಂದಿನಿಂದ ಗುದ್ದುತ್ತದೆ. ಇನ್ನೊಂದು ಜೆಟ್‌ಸ್ಕೀಯೇ ಎಳೆಯುವುದಾದರೆ ತೇಲುವ ಹಗ್ಗವೇ ಬೇಕು, ಮುಳುಗುವ ಹಗ್ಗವನ್ನು ಅದರ ಪಂಪು ನುಂಗಿದರೆ ಎರಡೂ ನಿಂತವು. ಒಂದು ಚೂರಿ ಕೈಗೆ ಸಿಗುವಂತಿರಲಿ.

ಇವೆಲ್ಲಕ್ಕಿಂತ ಮೊದಲು ಜನ. ಹಿಂದೆ ಕೂತ ಪ್ರವಾಸಿಯನ್ನು, ಅದರಲ್ಲೂ ಮಕ್ಕಳನ್ನು, ಬೋಟಿಗೆ ಹತ್ತಿಸಿದ ಮೇಲೆಯೇ ಹಗ್ಗದ ಮಾತು. ಸಹಾಯ ಬರುವವರೆಗೆ ಈಜಿ ದಡ ಸೇರುತ್ತೇನೆಂದು ಸ್ಕೀ ಬಿಟ್ಟು ಹೊರಡಬೇಡಿ. ತೇಲುವ ಸ್ಕೀ ದೂರದಿಂದ ಕಾಣುತ್ತದೆ, ಒಂಟಿ ತಲೆ ಕಾಣದು. ಬೆಳಗಿನ ನೆಲದ ಗಾಳಿ ನಿಮ್ಮನ್ನು ಹೊರಗಡಲಿಗೆ ಒಯ್ಯುತ್ತದೆ, ಮಧ್ಯಾಹ್ನದ ಕಡಲ ಗಾಳಿ ದಡದ ಅಲೆಗೋ ಬಂಡೆಗೋ ದೂಡುತ್ತದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿದ ನಿಮಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಎಷ್ಟೋ ಸಲ ಎಳೆಯುವ ಅಗತ್ಯವೇ ಇರುವುದಿಲ್ಲ. ಲ್ಯಾನ್ಯಾರ್ಡಿನ ಕ್ಲಿಪ್ ಕಳಚಿರಬಹುದು, ಬಲೆಯ ತುಂಡೋ ಪ್ಲಾಸ್ಟಿಕ್ಕೋ ತಳದಲ್ಲಿ ಸಿಕ್ಕಿರಬಹುದು. ಕೈ ಹಾಕುವ ಮೊದಲು ಲ್ಯಾನ್ಯಾರ್ಡ್ ಕಿತ್ತು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಸ್ಕೀ ಮಗುಚಿದ್ದರೆ ಹಿಂಭಾಗದ ಸ್ಟಿಕ್ಕರಿನಲ್ಲಿ ಬಾಣದ ಗುರುತಿದೆ, ಆ ದಿಕ್ಕಿಗೇ ಹೊರಳಿಸಬೇಕು. ಉಲ್ಟಾ ಹೊರಳಿಸಿದರೆ ಎಕ್ಸಾಸ್ಟಿನಲ್ಲಿದ್ದ ನೀರು ಎಂಜಿನ್ನಿಗೆ ಬರುತ್ತದೆ.

ಎಂಜಿನ್ನಿಗೆ ನೀರು ಹೋಗಿರುವ ಅನುಮಾನ ಸ್ವಲ್ಪ ಇದ್ದರೂ ಸ್ಟಾರ್ಟ್ ಒತ್ತಬೇಡಿ. ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿ. ಆಯಿಲ್ ಹಾಲು ಬೆರೆತ ಚಹಾದಂತಿದ್ದರೆ ನೀರು ಸೇರಿದೆ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿದ ಮೇಲೆ ಎಂಜಿನ್ ತಿರುಗಿಸಿ ನೀರು ಹೊರಹಾಕಬೇಕು, ಆಯಿಲ್ ಬದಲಿಸಬೇಕು. ಉಪ್ಪುನೀರು ನಾಳೆಯವರೆಗೆ ಕಾಯುವುದಿಲ್ಲ, ಮೆಕ್ಯಾನಿಕ್ಕನ್ನು ಅಂದೇ ಕರೆಸಿ.

ದಿನದ ಕೊನೆಗೆ ಸಿಹಿನೀರಿನಲ್ಲಿ ಒಳಗೆ ತೊಳೆಯುವಾಗಲೂ ಇದೇ ಲೆಕ್ಕ. ಎಂಜಿನ್ ಮೊದಲು ಶುರು ಮಾಡಿ, ಕೂಡಲೇ ನಲ್ಲಿ ತಿರುಗಿಸಿ. ಮುಗಿಸುವಾಗ ನಲ್ಲಿ ಮೊದಲು ಬಂದ್, ಎಂಜಿನ್ ಆಮೇಲೆ. ಕ್ರಮ ತಪ್ಪಿದರೆ ಕಡಲಿಗೆ ಇಳಿಯದೆಯೇ ಎಂಜಿನ್ನಿಗೆ ನೀರು ತುಂಬಿಸಿದ ಹಾಗೆ.

ಇವತ್ತು ಸಂಜೆ ಕೆಲಸ ಮುಗಿದ ಮೇಲೆ ಸೀಟು ತೆಗೆದು ಆ ಪೈಪನ್ನು ಗುರುತಿಸಿ, ಕೆಂಪು ಟೇಪು ಸುತ್ತಿ, ಪಕ್ಕದಲ್ಲೇ ಒಂದು ಕ್ಲ್ಯಾಂಪ್ ಇಡಿ. ನಿಮ್ಮ ಜೊತೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೂ ಅದನ್ನು ತೋರಿಸಿಕೊಡಿ.