ಬಾಳೆ ಮೀನಿಗೆ ಶಾರ್ಕ್ ಹೆಸರೇಕೆ?

ನಿಮ್ಮ ಗುಡಗೇರಿಯ ಎರಿ ಹೊಲಗಳಿಂದ ಕಡಲು ದೂರ. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಘಟ್ಟ ಇಳಿದು ಅಂಕೋಲೆ ಸೇರಬೇಕು. ಹಾಗಾಗಿ ಶಾರ್ಕನ್ನು ನೀವು ಚಿತ್ರದಲ್ಲಷ್ಟೇ ನೋಡಿರಬಹುದು. ಆದರೆ ತುಂಗಭದ್ರೆಯ ಬಾಳೆ ಮೀನನ್ನು ಸಂತೆಯಲ್ಲಿ ಕಂಡಿರಲೂಬಹುದು. ಅದಕ್ಕೆ ‘ಸಿಹಿನೀರಿನ ಶಾರ್ಕ್’ ಎಂಬ ಅಡ್ಡಹೆಸರಿದೆ. ಅದು ಎಷ್ಟು ಸರಿ ಎಂದು ತಿಳಿಯಲು, ಅರಬ್ಬಿ ಸಮುದ್ರದಲ್ಲೂ ಇರುವ ಹುಲಿ ಶಾರ್ಕಿನ ಪಕ್ಕದಲ್ಲಿ ಅದನ್ನಿಟ್ಟು ನೋಡೋಣ.

ಮೊದಲು ಬಾಯಿ. ಬಾಳೆ ಮೀನಿನ ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿರುತ್ತದೆ. ಒಳಗೆ ಸಣ್ಣ ಹಲ್ಲುಗಳ ದಟ್ಟ ಪಟ್ಟಿಗಳು, ತುದಿಗಳೆಲ್ಲ ಗಂಟಲಿನ ಕಡೆಗೆ. ಸಿಕ್ಕ ಮೀನು ಮುಂದೆ ಜಾರಬಹುದು, ಹಿಂದೆ ಬರಲಾರದು. ಬಾಳೆ ಅದನ್ನು ಇಡಿಯಾಗಿ ನುಂಗುತ್ತದೆ. ಹುಲಿ ಶಾರ್ಕಿನ ಹಲ್ಲಿನ ಅಂಚು ಜೋಳ ಕೊಯ್ಯುವ ಕುಡಗೋಲಿನಂತೆ ಕಚ್ಚುಕಚ್ಚಾಗಿದೆ. ಅದು ಕೊಯ್ಯುವ ಹಲ್ಲು. ಆಮೆಯ ಚಿಪ್ಪೂ ಅದಕ್ಕೆ ತಡೆಯಲ್ಲ. ಸವೆದ ಹಲ್ಲು ಬಿದ್ದರೆ ಹಿಂದಿನ ಸಾಲಿನದು ಮುಂದೆ ಬರುತ್ತದೆ, ಜೀವನಪರ್ಯಂತ.

ಹೆಸರಿಗೆ ಕಾರಣ ಈ ದೊಡ್ಡ ಬಾಯಿ, ಹೊಟ್ಟೆಬಾಕತನ. ಅಲ್ಲಿಗೆ ಹೋಲಿಕೆ ಬಹುಮಟ್ಟಿಗೆ ಮುಗಿಯಿತು. ಶಾರ್ಕಿನ ಮೈಯಲ್ಲಿ ಮೂಳೆಯೇ ಇಲ್ಲ. ನಿಮ್ಮ ಹೊರಕಿವಿಯೊಳಗಿರುವಂಥ ಮೃದ್ವಸ್ಥಿ, ಅಂದರೆ ಮೂಳೆಗಿಂತ ಮೆದುವಾದ, ಬಾಗುವ ವಸ್ತು, ಅದರ ಅಸ್ಥಿಪಂಜರ. ಬಾಳೆಗೆ ಗಟ್ಟಿ ಮೂಳೆಗಳಿವೆ. ತೇಲಲು ಬಾಳೆಗೆ ಗಾಳಿ ತುಂಬಿದ ಈಜುಚೀಲವಿದೆ. ಶಾರ್ಕಿಗೆ ಅದಿಲ್ಲ, ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವೇ ಆ ಕೆಲಸಕ್ಕೆ ನೆರವಾಗುತ್ತದೆ. ಬಾಳೆಯ ಚರ್ಮ ಹುರುಪೆಯಿಲ್ಲದೆ ನುಣುಪು. ಶಾರ್ಕಿನ ಚರ್ಮದ ತುಂಬ ಹಲ್ಲಿನಂಥ ಸೂಕ್ಷ್ಮ ಮುಳ್ಳುಗಳು. ಬಾಲದಿಂದ ತಲೆಯ ಕಡೆಗೆ ಸವರಿದರೆ ಮರಳು ಕಾಗದದಂತೆ ಕೈ ತರಚುತ್ತದೆ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಪಾಠ. ಉಪ್ಪಿನಕಾಯಿಗೆಂದು ಮಾವಿನ ಹೋಳಿಗೆ ಉಪ್ಪು ಹಚ್ಚಿಡಿ, ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಸಿ, ಉಬ್ಬುತ್ತದೆ. ಉಪ್ಪು, ಸಕ್ಕರೆಯಂಥವು ಹೆಚ್ಚು ಕರಗಿರುವ ಕಡೆಗೆ ನೀರು ತೆಳುಪೊರೆ ದಾಟಿ ಹೋಗುವ ಈ ಕ್ರಿಯೆಗೆ ‘ಪರಾಸರಣ’ ಎನ್ನುತ್ತಾರೆ. ನದಿಯಲ್ಲಿರುವ ಬಾಳೆಯ ಸ್ಥಿತಿ ದ್ರಾಕ್ಷಿಯದು: ನೀರು ಸದಾ ಒಳನುಗ್ಗುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರಬೇಕು. ಕಡಲಿನ ಶಾರ್ಕಿಗೆ ಮಾವಿನ ಹೋಳಿನ ಗತಿ ಬರಬೇಕಿತ್ತು. ಬರಲಿಲ್ಲ. ನಾವು ಮೂತ್ರದಲ್ಲಿ ಕಳೆಯುವ ಯೂರಿಯಾವನ್ನು ಅದು ರಕ್ತದಲ್ಲೇ ಉಳಿಸಿಕೊಂಡು, ಒಳಗಿನ ಸಾಂದ್ರತೆಯನ್ನು ಕಡಲಿಗೆ ಸರಿಗಟ್ಟುತ್ತದೆ. ಹಳಸಿದ ಶಾರ್ಕ್ ಮಾಂಸಕ್ಕೆ ಅಮೋನಿಯಾದ ಘಾಟು ಬರುವುದು ಈ ಯೂರಿಯಾ ಕೊಳೆಯುವುದರಿಂದಲೇ.

ಒಂದು ಬೆರಗಿನ ಸಾಮ್ಯವಿದೆ. ಜೀವಿಗಳ ಮೈಯಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಶಾರ್ಕ್ ತನ್ನ ಮೂತಿಯ ರಂಧ್ರಗಳಿಂದ ಗ್ರಹಿಸುತ್ತದೆ. ಬಾಳೆ ಸೇರಿದ ಮೀಸೆಮೀನುಗಳ ಚರ್ಮದಲ್ಲೂ ಅಂಥ ಗ್ರಾಹಕಗಳಿವೆ. ಬೇರೆ ಬೇರೆ ವಂಶಗಳು, ಬೇರೆ ಬೇರೆ ದಾರಿಯಲ್ಲಿ ಪಡೆದ ಶಕ್ತಿ ಅದು.

ಸಂತಾನದಲ್ಲಿ ಮತ್ತೆ ಬೇರೆ. ಹುಲಿ ಶಾರ್ಕ್ ವರ್ಷಕ್ಕೂ ಹೆಚ್ಚು ಕಾಲ ಬಸಿರು ಹೊತ್ತು ಮರಿ ಹಾಕುತ್ತದೆ. ಬಾಳೆ ಮಳೆಗಾಲದ ಹೊಸನೀರಿನಲ್ಲಿ, ನೆರೆ ಹರಡಿದ ದಂಡೆಗಳಲ್ಲಿ ಮೊಟ್ಟೆಯಿಡುತ್ತದೆ. ಅತಿಯಾಗಿ ಹಿಡಿಯುವುದರಿಂದ ಬಾಳೆ ಮೀನು ಇಂದು ಐಯುಸಿಎನ್ ಸಂಸ್ಥೆಯ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ. ಮಳೆಗಾಲದಲ್ಲಿ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಬಾಳೆ ಬಲೆಗೆ ಬಿದ್ದುದನ್ನು ಕಂಡರೆ, ಅದನ್ನು ಮತ್ತೆ ನೀರಿಗೆ ಬಿಡುವಂತೆ ದಯವಿಟ್ಟು ಹೇಳಿ.